ಕೆಂಪು ಮಣ್ಣಿನ ಜೋಡೆತ್ತು

ಕಳೆದ ಬೇಸಿಗೆಯಲ್ಲಿ ಮೂಡಲಗಿಯ ಹತ್ತಿರ ನನ್ನ ತಂಗಿಯ ಮಗ ಹೊಲದಲ್ಲಿ ಬೋರ್ ಹೊಡೆಸುತ್ತಿದ್ದ. ನನ್ನನ್ನು ಬೇವಿನ ನೆರಳಿಗೆ ಖುರ್ಚಿ ಹಾಕಿ ಕೂರಿಸಿದ್ದರು. ಮಾಮಾ ಕಲ್ಲಿನ ಕೆಲಸದಲ್ಲೇ ಮುದುಕನಾದವನು, ನೋಡಿ ಏನಾದರೂ ಹೇಳುತ್ತಾನೆ ಎಂಬ ಆಸೆ. ಈಗಿನ ಯಂತ್ರದ ಮುಂದೆ ನನ್ನ ಮಾತು ಯಾರಿಗೆ ಬೇಕು? ನೋಡನೋಡುತ್ತ ನೂರು ಅಡಿ ಇಳಿದು, ಕೆಳಗಿದ್ದ ಬಂಡೆಯನ್ನೆಲ್ಲ ಹಿಟ್ಟು ಮಾಡಿ ಮುಗಿಲಿಗೆ ತೂರಿಬಿಡುತ್ತದೆ. ಯಾವ ಪದರ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು, ಕೇಳುವವರೇ ಇಲ್ಲ. ನಾನು ಗೊಣಗುತ್ತ ಕೂತಿದ್ದೆ. ಅಷ್ಟರಲ್ಲಿ ಕಪ್ಪು ಹಿಟ್ಟು ನಿಂತು ಕೆಂಪು ಕೆಸರು ಉಕ್ಕಿತು. ಕಾದ ಕಬ್ಬಿಣ, ಡೀಸೆಲ್ಲು, ಒದ್ದೆ ಮಣ್ಣು, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಎದ್ದು ನಿಂತೇಬಿಟ್ಟೆ.

"ಮಾಮಾ, ನೀರ ಬಂತೇನ್ರಿ?" ಎಂದು ಹುಡುಗ ಓಡಿ ಬಂದ.

"ನೀರಲ್ಲೋ, ಎತ್ತು ಬಂತು," ಅಂದೆ. ಮುದುಕನಿಗೆ ಬಿಸಿಲು ಹತ್ತಿತು ಎಂದುಕೊಂಡು ಮಜ್ಜಿಗೆ ತರಲು ಓಡಿದ.

ಬಿಸಿಲು ಹತ್ತಿರಲಿಲ್ಲ. ಅರವತ್ತರ ದಶಕದ ಮೊದಲಲ್ಲಿ ಒಂದು ಮಳೆಗಾಲ ಹೊಳೆಯ ದಂಡೆಯ ಮೇಲೆ ಕಳೆದಿದ್ದೆ, ಅದು ನೆನಪಾಗಿತ್ತು. ಆಗ ನನಗೆ ಇಪ್ಪತ್ತೊಂದು. ಊರು ಅಂಕಲಗಿ. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿಯುವವರು. ನಮ್ಮ ಕೇರಿಯಲ್ಲಿ ಮ್ಯಾಟ್ರಿಕ್ ಪಾಸಾದವನು ನಾನೊಬ್ಬನೇ, ಅದೂ ಎರಡನೆಯ ಸಲಕ್ಕೆ. ಘಟಪ್ರಭೆಗೆ ದೊಡ್ಡ ಆಣೆಕಟ್ಟು ಬರುತ್ತದೆ ಎಂಬ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೆ ಜಾಗ ನೋಡಲು ಹೊಳೆಗುಂಟ ಅಲ್ಲಲ್ಲಿ ನೆಲ ಕೊರೆದು ಕಲ್ಲು ತೆಗೆಯುತ್ತಿದ್ದರು. ಹಿಡಕಲ್ಲಿನಿಂದ ಕೆಳಗೆ ಒಂದು ಹಳ್ಳಿಯ ಬಾಜೂಕ್ಕೆ ಕೊರೆಯುವ ತಂಡದಲ್ಲಿ ನನಗೆ ಕೆಲಸ ಸಿಕ್ಕಿತು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ನನಗೆ ಪರಿಚಯದವರು, ಕಂಡಲ್ಲಿ ಬೈಯುತ್ತಾರೆ.

ಕೊರೆಯುವ ಯಂತ್ರವೆಂದರೆ ಈಗಿನಂತಹ ರಾಕ್ಷಸ ಅಲ್ಲ. ಮೂರು ಕಾಲಿನ ಎತ್ತರದ ಕಟ್ಟು, ನಡುವೆ ಗರಗರ ತಿರುಗುವ ಕೊಳವೆ, ಕೊಳವೆಯ ತುದಿಗೆ ವಜ್ರದ ಚೂರು ಕೂರಿಸಿದ ಬಳೆ. ಆ ಬಳೆ ಬಂಡೆಯನ್ನು ದುಂಡಗೆ ಕೊರೆಯುತ್ತ ಇಳಿದರೆ, ಕೊಳವೆಯ ಹೊಟ್ಟೆಯೊಳಗೆ ಒನಕೆ ದಪ್ಪದ ಕಲ್ಲಿನ ತುಂಡುಗಳು ಉಳಿಯುತ್ತಿದ್ದವು. ಊರವರು ಅದಕ್ಕೆ ಕಲ್ಲಿನ ಕಬ್ಬು ಎನ್ನುತ್ತಿದ್ದರು. ಆ ತುಂಡುಗಳನ್ನು ಬಂದ ಕ್ರಮದಲ್ಲೇ ಕಟ್ಟಿಗೆಯ ಪೆಟ್ಟಿಗೆಯ ಉದ್ದನೆಯ ಕಾಲುವೆಗಳಲ್ಲಿ ಜೋಡಿಸಬೇಕು, ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಪುಸ್ತಕ ಓದಿದ ಹಾಗೆ. ಪಕ್ಕದಲ್ಲಿ ಬಿಳಿ ಬಣ್ಣದಿಂದ ಎಷ್ಟು ಅಡಿ ಆಳದ್ದು ಎಂದು ಗುರುತು ಹಾಕಬೇಕು. ಅದನ್ನೇ ಬುಕ್ಕಿನಲ್ಲೂ ಬರೆಯಬೇಕು. ಇದೇ ನನ್ನ ಕೆಲಸ. ನಮ್ಮ ಮನೆತನದಲ್ಲಿ ಕೈಗೆ ಪೆನ್ನು ಕೊಟ್ಟು ಪಗಾರ ಕೊಟ್ಟ ಮೊದಲ ಕೆಲಸ ಅದು, ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಯಂತ್ರ ನಡೆಸುವವರು ದಸ್ತಗೀರ ಮೇಸ್ತ್ರಿ. ಬೀಡಿ ಸೇದುತ್ತ, ಕೊಳವೆಗೆ ಕಿವಿ ಹಚ್ಚಿ, ಕೆಳಗೆ ಯಾವ ಕಲ್ಲು ಬಂತೆಂದು ಸದ್ದಿನಲ್ಲೇ ಹೇಳುವ ಮನುಷ್ಯ. ಎಲ್ಲರ ಮೇಲೆ ಒಬ್ಬರು ಸಾಹೇಬರು, ಮೈಸೂರು ಕಡೆಯವರು. ಜನರಿಗಿಂತ ಕಲ್ಲಿನ ಜೊತೆ ಅವರಿಗೆ ಹೆಚ್ಚು ಮಾತು. ಒಂದು ಮಧ್ಯಾಹ್ನ ನನ್ನನ್ನು ಪೆಟ್ಟಿಗೆಗಳ ಮುಂದೆ ಕೂರಿಸಿಕೊಂಡು ಪಾಠ ಶುರುಮಾಡಿದರು.

"ನೋಡಯ್ಯ ಪರಸಪ್ಪ, ಮೇಲೆ ನಿಮ್ಮ ಎರೆ ಮಣ್ಣು. ಅದರ ಕೆಳಗೆ ಈ ಕರಿಕಲ್ಲು. ಹುಕ್ಕೇರಿ ಕಡೆ ಗುಡ್ಡಗಳೆಲ್ಲ ಇದೇ. ಎಲ್ಲದಕ್ಕೂ ತಳದಲ್ಲಿ ಇರೋದು ಮರಳುಗಲ್ಲು. ಗೋಕಾಕದ ಫಾಲ್ಸ್ ಹತ್ತಿರ ಹೊಳೆ ಹಾರತ್ತಲ್ಲ, ಅದೇ ಕಲ್ಲು. ಅದು ಮುತ್ತಜ್ಜ. ಈ ಕರಿದು ನಿನ್ನೆ ಮೊನ್ನೆ ಬಂದದ್ದು."

"ಎಲ್ಲಿಂದ ಬಂತ್ರಿ?"

"ಕುದೀತಾ ಹರಿದು ಬಂತು, ಪಾಯಸದ ಹಾಗೆ. ಬಂದು ಹಳೇ ಮರಳುಗಲ್ಲಿನ ಕಣಿವೆಗಳನ್ನೆಲ್ಲ ತುಂಬಿಬಿಡ್ತು. ಆಮೇಲೆ ತಣ್ಣಗಾಯ್ತು. ಅದರ ಮೇಲೆ ಎಷ್ಟೋ ಸಾವಿರ ಮಳೆಗಾಲ ಸುರಿದು ಮೇಲಿನ ಕಲ್ಲು ಕೊಳೆತು ಮಣ್ಣಾಯ್ತು. ಗಿಡಗಿಂಟಿ ಬೆಳೆದಿರಬೇಕು, ಯಾರಿಗೆ ಗೊತ್ತು. ಆಮೇಲೆ ಇನ್ನೊಂದು ಸಲ ಬೆಂಕಿ ಹರಿದು ಬಂದು ಆ ಮಣ್ಣನ್ನ ಸುಟ್ಟು ಕೆಂಪಗೆ ಮಾಡಿ ಮೇಲೆ ಕೂತ್ಕೊಳ್ತು. ಎರಡು ಕರಿಕಲ್ಲಿನ ನಡುವೆ ಆ ಕೆಂಪು ಮಣ್ಣು ಸಿಗುತ್ತಾ ಅಂತಲೇ ನಾನು ಕಾಯ್ತಿರೋದು."

ಸಿಕ್ಕರೆ ಒಳ್ಳೆಯದಾ ಎಂದು ಕೇಳಿದೆ. ಸಾಹೇಬರು ತಲೆಯಾಡಿಸಿದರು. ಒಣಗಿದ್ದಾಗ ಅದು ಇಟ್ಟಿಗೆ, ನೀರು ಕುಡಿದರೆ ಸಾಬೂನು. ಅದರ ಮೇಲೆ ಗೋಡೆ ನಿಲ್ಲಿಸಿದರೆ ಜಾರುತ್ತದೆ. ಬೆರಳು ದಪ್ಪ ಇದ್ದರೆ ಕೆತ್ತಿ ತೆಗೆಯಬಹುದು. ಗೇಣು ಮೀರಿದರೆ ಈ ಜಾಗವನ್ನೇ ಬಿಡಬೇಕಾದೀತು. "ಊರಲ್ಲಿ ಬಾಯಿ ಬಿಡಬೇಡ," ಎಂದು ಬೆರಳು ತೋರಿಸಿ ಹೇಳಿದರು.

ಊರಲ್ಲಿ ಬಾಯಿ ಬಿಡದೆ ಇರುವುದು ಸುಲಭವಿರಲಿಲ್ಲ. ಆಣೆಕಟ್ಟು ಇಲ್ಲಿ ಬಂದರೆ ಮೊದಲು ಮುಳುಗುವುದು ಇದೇ ಊರು ಎಂದು ಕೂಸಿಗೂ ಗೊತ್ತಿತ್ತು. ಅದರಲ್ಲೂ ಹೊಳೆಗೆ ಹತ್ತಿರದ ಮೊದಲ ಮನೆ ಮಾಯವ್ವನದು. ಕುರುಬರ ಮಾಯವ್ವನಿಗೆ ಐವತ್ತೈದರ ಮೇಲೆ ಇರಬೇಕು. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು ಕುರಿ ಹೊಡೆದುಕೊಂಡು ಊರೂರು ತಿರುಗುವವರು. ದಿನಾ ಮುಂಜಾನೆ ಉಣ್ಣೆ ನೂಲುತ್ತ ನಮ್ಮ ಯಂತ್ರದ ಹತ್ತಿರ ಬಂದು ನಿಲ್ಲುತ್ತಿದ್ದಳು.

"ತಮ್ಮಾ, ಇವತ್ತ ಏನ್ ಬಂತೋ?"

"ಕರೀಕಲ್ಲ ಬಂತ್ರಿ ಯವ್ವಾ."

"ಕರೀದು ಬಂದ್ರ ನಮ್ಮ ಮನಿ ಉಳೀತೈತೋ ಹೋಕ್ಕೈತೋ, ಅದನ್ನ ಹೇಳು."

ನಾನು ಬಣ್ಣದ ಡಬ್ಬಿಯೊಳಗೆ ಕುಂಚ ಅದ್ದುತ್ತ ಕೂತುಬಿಡುತ್ತಿದ್ದೆ. "ಬಾಯಾಗ ಕಡಬ ಇಟಗೊಂಡಾನ ನೋಡ್ರಿ ಇಂವಾ," ಎಂದು ಬೈದು ಹೋಗುತ್ತಿದ್ದಳು. ಆದರೆ ಮಧ್ಯಾಹ್ನ ಬಿಸಿಲು ಏರಿದಾಗ ಅವಳೇ ಮಜ್ಜಿಗೆ ತರುತ್ತಿದ್ದಳು. ಮೇಸ್ತ್ರಿಗೆ ಲೋಟದಲ್ಲಿ ಕೊಡುವಳು. ನನಗೆ ಮೇಲಿಂದ ಬೊಗಸೆಗೆ ಸುರಿಯುವಳು. ನಾನು ಯಾವ ಕೇರಿಯವನೆಂದು ಬಂದ ವಾರದಲ್ಲೇ ಊರಿಗೆ ತಿಳಿದಿತ್ತು. ಸಿಟ್ಟು ಬರುತ್ತಿತ್ತು, ನೀರಡಿಕೆಯೂ ಆಗಿರುತ್ತಿತ್ತು. ಕುಡಿಯುತ್ತಿದ್ದೆ.

ಜ್ಯೇಷ್ಠ ಮಾಸ ಮುಗಿಯುತ್ತ ಬಂದಿತ್ತು. ಸಾಹೇಬರು ಬೆಳಗಾವಿಗೆ ಹೋಗಿದ್ದರು, ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬರುವವರು. ಆಗ ಒಂದು ಸಂಜೆ ಕೊಳವೆಯ ಸದ್ದು ಬದಲಾಯಿತು. ಮೇಸ್ತ್ರಿ ತಟ್ಟನೆ ಕೊಳವೆಗೆ ನೀರು ಬಿಡುವುದನ್ನು ನಿಲ್ಲಿಸಿ, ಕೂಸಿನ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಯಂತ್ರ ತಿರುಗಿಸಿದರು. ಹೊರಗೆ ಬಂದದ್ದು ಕಲ್ಲಲ್ಲ, ಕೆಂಪು ಮಣ್ಣಿನ ಕೋಲು. ಕಪ್ಪು ಕಲ್ಲಿನ ಕೆಳಗೆ ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿದೆ. ಅದರ ಕೆಳಗೆ ಮತ್ತೆ ಕಪ್ಪು ಶುರುವಾಯಿತು.

ಆಗಲೇ ಅಳೆದು ಬರೆಯಬೇಕಾಗಿತ್ತು. ಬರೆಯಲಿಲ್ಲ. ತುಂತುರು ಹನಿಯುತ್ತಿತ್ತು, ಬಣ್ಣ ತೀರಿತ್ತು, ಬುಕ್ಕು ಡೇರೆಯೊಳಗಿನ ಟ್ರಂಕಿನಲ್ಲಿತ್ತು. ನಾಳೆ ಬರೆದರಾಯಿತು ಅಂದುಕೊಂಡೆ. ನಾಳೆ ಎನ್ನುವವನ ಮನೆ ಹಾಳು ಎಂದು ನಮ್ಮವ್ವ ಯಾವಾಗಲೂ ಹೇಳುತ್ತಿದ್ದಳು. ಇಲ್ಲಿ ಹಾಳಾಗಲಿದ್ದದ್ದು ಬೇರೆಯವರ ಮನೆ.

ಮರುದಿನ ಬಣ್ಣ ತರಲು ಹುಕ್ಕೇರಿಗೆ ಹೋದೆ. ಬಣ್ಣ ಕೊಳ್ಳುವುದು ಎಷ್ಟೊತ್ತಿನ ಕೆಲಸ? ಆದರೆ ಸಾಲಿಯಲ್ಲಿ ಕೂಡ ಓದಿದ ಗೆಳೆಯನೊಬ್ಬ ಸಿಕ್ಕ. ಚಹಾ ಕುಡಿದೆವು. ನಾನು ಸರಕಾರಿ ಕೆಲಸದವನೆಂದು ಅವನ ಮುಂದೆ ಕೊಚ್ಚಿಕೊಂಡೆ, ಅದರಲ್ಲಿ ಬಸ್ಸು ತಪ್ಪಿತು. ನಡೆಯುತ್ತ ಬಂದು ಊರು ಮುಟ್ಟುವಾಗ ಹೊತ್ತು ಇಳಿದಿತ್ತು, ಹೊಳೆಯ ಸದ್ದು ದೂರದಿಂದಲೇ ಕೇಳಿತು.

ನಮ್ಮ ತಲೆಯ ಮೇಲೆ ಅಂದು ಒಂದು ಹನಿ ಇಲ್ಲ. ಮಳೆ ಬಿದ್ದದ್ದು ಪಡುವಣ ಘಟ್ಟದಲ್ಲಿ. ಘಟಪ್ರಭೆಯ ಹೊಸ ನೀರು ಹಾಗೆಯೇ ಬರುವುದು, ಸುದ್ದಿ ಕಳಿಸದೆ ಬರುವ ಬೀಗರಂತೆ. ಮಧ್ಯಾಹ್ನಕ್ಕೆ ದಂಡೆ ಏರಿತ್ತು. ಗಂಡಸರೆಲ್ಲ ಮೇಸ್ತ್ರಿಯ ಜೊತೆ ಯಂತ್ರಕ್ಕೆ ಹಗ್ಗ ಹಾಕಿ ಎಳೆಯುತ್ತಿದ್ದಾಗ, ಪೆಟ್ಟಿಗೆಗಳು ನೀರಿಗೆ ಹೋಗುತ್ತವೆಂದು ಮಾಯವ್ವ ಕೂಗಿ ಹೆಂಗಸರನ್ನು ಕೂಡಿಸಿದ್ದಳು. ಒಂದೊಂದು ಪೆಟ್ಟಿಗೆ ಎರಡಾಳಿನ ಭಾರ. ಮೊಣಕಾಲು ನೀರಿನಲ್ಲಿ ನಿಂತು ಅಷ್ಟನ್ನೂ ಹೊತ್ತು ಚಾವಡಿಯ ಕಟ್ಟೆಗೆ ಸಾಗಿಸಿದ್ದರು. ಕೊನೆಯ ಮೂರು ಪೆಟ್ಟಿಗೆ ಕೆಸರಿನಲ್ಲಿ ಕವುಚಿ ಬಿದ್ದಿದ್ದವು. ಬಿದ್ದ ಕಲ್ಲನ್ನೂ ಬಿಡದೆ ಬುಟ್ಟಿಯಲ್ಲಿ ಆರಿಸಿ ತಂದಿದ್ದರು.

ಕಟ್ಟೆಯ ಮುಂದೆ ಹೆಂಗಸರೆಲ್ಲ ನನ್ನ ದಾರಿ ಕಾಯುತ್ತ ನಿಂತಿದ್ದರು, ಸೀರೆಯೆಲ್ಲ ಒದ್ದೆ.

"ನೋಡ್ ತಮ್ಮಾ, ಒಂದ ಕಲ್ಲ ಹೋಗೂದಕ್ಕ ಬಿಟ್ಟಿಲ್ಲ," ಎಂದಳು ಮಾಯವ್ವ. "ಎಲ್ಲಾ ರಾಡಿ ಆಗಿದ್ದೂವು. ತಿಕ್ಕಿ ತೊಳದೇವಿ. ಕರೀದು ಕರೀದರಾಗ, ಬೂದೀದು ಬೂದೀದರಾಗ. ಉದ್ದಂದು ಮ್ಯಾಲ, ಗಿಡ್ಡಂದು ಕೆಳಗ. ಹ್ಯಾಂಗ ಒಪ್ಪಾಗಿ ಕಾಣ್ತಾವ ನೋಡು!"

ನೋಡಿದೆ. ಕಲ್ಲು ಕನ್ನಡಿಯಾಗಿದ್ದವು. ಮೂರು ಪೆಟ್ಟಿಗೆಯ ಕಲ್ಲು, ಅರವತ್ತು ಅಡಿ ನೆಲ, ಜೋಳ ಬೇರೆ ಕಡಲೆ ಬೇರೆ ಮಾಡುವ ಕೈಗಳಲ್ಲಿ ಬಣ್ಣಕ್ಕೊಂದು ಗುಂಪಾಗಿ ಕೂತಿತ್ತು. ಕೊನೆಯ ಪೆಟ್ಟಿಗೆಯ ಕೆಂಪು ಮಣ್ಣಿನ ಕೋಲು ಎಲ್ಲೂ ಇರಲಿಲ್ಲ. ಆ ಮಣ್ಣು ಇದ್ದರೆ ಊರು ಉಳಿದೀತು ಎಂದು ಅಲ್ಲಿ ನಿಂತವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಆ ಊರಿನ ಹೆಂಗಸರೇ ನನ್ನ ಮೇಲಿನ ಕರುಣೆಗೆ ಅದನ್ನು ತಿಕ್ಕಿ ತೊಳೆದು ಒಪ್ಪ ಮಾಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. "ಭಾಳ ಚಲೋ ಆತ್ರಿ ಯವ್ವಾ," ಅಂದೆ.

ಮರುದಿನ ಮುಂಜಾನೆಯಿಂದ ನಾನೂ ಮೇಸ್ತ್ರಿಯೂ ಕಟ್ಟೆಯ ಮೇಲೆ ಕೂತೆವು. ಮೇಸ್ತ್ರಿ ಧೈರ್ಯ ಹೇಳಿದರು: "ಹೆದರಬ್ಯಾಡೋ. ಒಡದ ಗಡಿಗಿ ಚೂರು ತನ್ನ ಜೋಡಿ ತಾನ ಹುಡಕ್ತೈತಿ." ಖರೆ ಮಾತು. ಒಂದು ತುಂಡು ಎಲ್ಲಿ ಮುರಿದಿತ್ತೋ ಅಲ್ಲಿಗೆ ಅದರ ಮುಂದಿನ ತುಂಡು ಮಾತ್ರ ಕೂರುತ್ತದೆ. ಬಾಯಿಗೆ ಬಾಯಿ ಹಚ್ಚುತ್ತ, ತಿರುಗಿಸುತ್ತ, ಅಲ್ಲ ಎಂದರೆ ಇಡುತ್ತ, ಎರಡು ದಿನ ಕಳೆದೆವು. ಬೆರಳ ತುದಿ ಸವೆದು ಉರಿಯುತ್ತಿದ್ದವು. ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಕಲ್ಲೆಲ್ಲ ಸಾಲಿಗೆ ಬಂತು. ಒಂದೇ ಕಡೆ ಬರಲಿಲ್ಲ. ಮೇಲಿನ ಕಪ್ಪು ತುಂಡಿನ ತಳಕ್ಕೂ ಕೆಳಗಿನ ಕಪ್ಪು ತುಂಡಿನ ತಲೆಗೂ ಸಂಬಂಧವೇ ಇರಲಿಲ್ಲ. ನಡುವೆ ಇದ್ದದ್ದು ಹೋಗಿತ್ತು.

"ಎಷ್ಟು ದಪ್ಪ ಇತ್ತ್ರೀ ಮೇಸ್ತ್ರಿ?"

"ನಾಕ್ ಬೆರಳೋ, ಗೇಣೋ, ಮೊಳಾನೋ. ಅಳಿಯಾಂವ ನೀನು, ಕೊರಿಯಾಂವ ನಾನು," ಎಂದು ಬೀಡಿ ಹಚ್ಚಿದರು. ಆಮೇಲೆ ದನಿ ತಗ್ಗಿಸಿದರು. "ನನ್ನ ಮಾತ ಕೇಳು. ಎರಡೂ ಕಲ್ಲ ಕೂಡಸಿ ಇಡು. ಕಪ್ಪ ಕಲ್ಲ ಅಂತ ಬರದ ಬಿಡು. ಬರೀಲಿಲ್ಲಂತ ಹೇಳಿದ್ಯೋ, ಸಾಹೇಬ ನಿನ್ನ ನಾಳೇನ ಅಂಕಲಗಿ ಹಾದಿ ಹಿಡಸ್ತಾನ."

ಕೂಡಿಸಿ ಇಟ್ಟೂ ನೋಡಿದೆ. ಸ್ವಲ್ಪ ತಿರುಗಿಸಿದರೆ ಯಾರಿಗೂ ತಿಳಿಯದಂತೆ ಕೂರುತ್ತಿದ್ದವು.

ಊರಲ್ಲಿ ಅಂದು ಮನೆಮನೆಗೂ ಮಣ್ಣಿನ ಎತ್ತು ಕೂತಿದ್ದವು. ಎರಡು ಎತ್ತು, ಮುಂದೊಂದು ಮಣ್ಣಿನ ಗೋದಲಿ, ಅದರಲ್ಲಿ ನಾಲ್ಕು ಕಾಳು. ಕಡುಬಿನ ವಾಸನೆ ಓಣಿಯೆಲ್ಲ ತುಂಬಿತ್ತು. ನಮ್ಮ ಮನೆಯಲ್ಲಿ ಎತ್ತು ಮಾಡುವುದು ನಿಂತು ಕೆಲವು ವರ್ಷವಾಗಿತ್ತು. ಅಪ್ಪ ಬುದ್ಧನ ದಾರಿ ಹಿಡಿದು ಗೋಡೆಯ ಗೂಡಿನಲ್ಲಿದ್ದ ದೇವರನ್ನೆಲ್ಲ ಇಳಿಸಿದ್ದ. ಅವ್ವ ಅದಕ್ಕೆ ಒಪ್ಪಿದ್ದಳು, ಆದರೂ ಈ ಅಮಾವಾಸ್ಯೆ ಬಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಹಿಟ್ಟು ನಾದುವಾಗ ಒಂದು ಕೋಡು ಎಳೆದು ಮತ್ತೆ ಮುದ್ದೆ ಮಾಡಿಬಿಡುವಳು. ನಾನು ಡೇರೆಯಲ್ಲಿ ಕೂತು ಅವಳನ್ನು ನೆನೆಸಿದೆ. ಕೆಲಸ ಹೋಯಿತೆಂದು ಅವಳಿಗೆ ಹೇಗೆ ಹೇಳುವುದು? ಇತ್ತ ಮಾಯವ್ವನ ಮನೆಯ ಹೊಗೆ ಕಾಣುತ್ತಿತ್ತು. ನಾನು ನಾಲ್ಕಕ್ಷರ ಬರೆದರೆ ಆ ಮನೆ ನೀರಿನ ಕೆಳಗೆ. ಕಡೆಗೆ, ಬರೆದು ಜೀವನಪೂರ್ತಿ ಹೆದರುವುದಕ್ಕಿಂತ ಒಂದು ದಿನ ಬೈಸಿಕೊಂಡು ಮನೆಗೆ ಹೋಗುವುದು ಲೇಸು ಅನಿಸಿತು. ಬುಕ್ಕು ಮುಚ್ಚಿ ಇಟ್ಟೆ.

ಸಾಹೇಬರು ಮರುದಿನ ಹತ್ತರ ಹೊತ್ತಿಗೆ ಬಂದರು. ಕಟ್ಟೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ, ಹುಕ್ಕೇರಿಯ ಚಹಾ ಸಹಿತ. ಅವರ ಮುಖ ಕೆಂಪೇರಿತು.

"ಪುಸ್ತಕದಲ್ಲಿಲ್ಲ, ಪೆಟ್ಟಿಗೆಯಲ್ಲಿಲ್ಲ. ನಿನ್ನ ಬಾಯಲ್ಲಿ ಮಾತ್ರ ಇದೆ. ಅದೂ ಎಂಥ ಮಣ್ಣು? ಊರು ಉಳಿಸೋ ಮಣ್ಣು! ನಾನು ಏನಂತ ನಂಬಲಿ? ಊರವರು ಹೇಳಿಕೊಟ್ಟರೇನಯ್ಯ?"

"ಇಲ್ರಿ ಸಾಹೇಬ್ರ."

"ಮೇಲೆ ಕೂತೋರು ಇದನ್ನೇ ಕೇಳ್ತಾರೆ. ಸಾಮಾನು ಕಟ್ಟಿಕೋ. ಈ ಜಾಗದಲ್ಲಿ ಕಂಡದ್ದು ಗಟ್ಟಿ ಕಲ್ಲು ಅಂತ ಬರೀದೆ ನನಗೆ ಬೇರೆ ದಾರಿ ಇಲ್ಲ."

ಮಾಯವ್ವ ಮಜ್ಜಿಗೆ ಹಿಡಿದು ಕಟ್ಟೆಯ ಕೆಳಗೆ ನಿಂತಿದ್ದಳು. ಮೈಸೂರಿನ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ.

"ಯಾವ ಮಣ್ಣಿಗಿ ಬಡಕೊಳ್ಳಾಕತ್ತಾನೋ ಇಂವಾ?" ಎಂದು ನನ್ನನ್ನು ಕೇಳಿದಳು. "ಆ ಕೆಂಪ ಮಣ್ಣೇನು, ಜಿಗಟಂದು? ಅದು ನಮ್ಮನ್ಯಾಗ ಐತೆಲ್ಲೋ!"

ಮೇಸ್ತ್ರಿ ಕೇಳಿದರು, "ನಿಮ್ಮನ್ಯಾಗ ಎಲ್ಲಿ ಐತೆವ್ವಾ?"

"ಪೆಟ್ಟಗ್ಯಾಗ ಕಲ್ಲಿಗೆಲ್ಲಾ ಮೆತ್ತಿಕೊಂಡಿತ್ತು. ಬೆರಳಾಗ ತಿಕ್ಕಿದ್ರ ಬೆಣ್ಣಿ ಇದ್ದಂಗ, ಒಂದ ಹರಳಿಲ್ಲ. ಇಂಥಾ ಮಣ್ಣ ನಮ್ಮ ಕರೀ ಸೀಮ್ಯಾಗ ಹುಡುಕಿದ್ರ ಸಿಗತೈತೇನು? ಚೆಲ್ಲಾಕ ಮನಸ್ಸಾಗಲಿಲ್ಲ. ಬಳದು ಬುಟ್ಟಿಗಿ ಹಾಕ್ಕೊಂಡ ಒಯ್ದು ಎತ್ತ ಮಾಡೇನಿ."

ಓಡಿದೆವು, ಸಾಹೇಬರೂ ಓಡಿದರು. ನಾನು ಅವಳ ಬಾಗಿಲ ಹೊರಗೇ ನಿಂತೆ. ಒಳಗೆ ಕರೆದಳು ಎಂದು ಬರೆದರೆ ಬರಹ ಚಂದವಾಗುತ್ತದೆ, ಆದರೆ ಖರೆ ಆಗುವುದಿಲ್ಲ. ಕರೆಯಲಿಲ್ಲ. ಮೊರದಲ್ಲಿ ಜೋಡೆತ್ತನ್ನೂ ಗೋದಲಿಯನ್ನೂ ಹೊತ್ತು ಅವಳೇ ಹೊರಗೆ ಬಂದು ಅಂಗಳದಲ್ಲಿ ಇಳಿಸಿದಳು. ಕೆಂಪು ಎತ್ತು, ಕೋಡಿಗೆ ಅರಿಷಿಣ, ಹಣೆಗೆ ವಿಭೂತಿ. ಸಾಹೇಬರು ಬಗ್ಗಿ ಒಂದು ಎತ್ತಿನ ಹಿಂಗಾಲು ಚಿವುಟಿ ಬಾಯಿಗೆ ಹಾಕಿಕೊಂಡು ಮುಂಬಲ್ಲಿನಿಂದ ಕಡಿದರು. ಮಣ್ಣಿನಲ್ಲಿ ಮರಳಿದೆಯೋ ಇಲ್ಲವೋ ಎಂದು ಅವರು ನೋಡುವುದೇ ಹಾಗೆ. ಮಾಯವ್ವನಿಗೆ ಅದು ಹೇಗೆ ಗೊತ್ತಾಗಬೇಕು?

"ಅಯ್ಯಯ್ಯಯ್ಯ! ಬಸವಣ್ಣನ ಕಾಲ ಕಡದ್ನೆಲ್ಲೋ ನಿಮ್ಮ ಸಾಹೇಬ!" ಎಂದು ಎದೆ ಬಡಿದುಕೊಂಡಳು.

ಸಾಹೇಬರಿಗೆ ಕೇಳಿಸಲೇ ಇಲ್ಲ. ನಾಲಗೆಯ ಮೇಲೆ ಮಣ್ಣು ಹೊರಳಿಸುತ್ತ ಕಣ್ಣು ಮುಚ್ಚಿದ್ದರು. ಎತ್ತಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕರಿಕಲ್ಲಿನ ಒಂದು ಚೂರನ್ನು ಉಗುರಿನಲ್ಲಿ ಕಿತ್ತು ಬಿಸಿಲಿಗೆ ಹಿಡಿದು ನೋಡಿದರು. "ಅದೇ," ಎಂದರು. "ಹೊಳೆ ಮಣ್ಣಲ್ಲ ಇದು, ಹೊಲದ್ದೂ ಅಲ್ಲ. ಇದು ಅದೇ. ಆದರೆ ಎಷ್ಟು ದಪ್ಪ ಇತ್ತು ಅಂತ ಹೇಗೆ ತಿಳಿಯೋದು?"

ನನಗೆ ಆಗ ಹೊಳೆಯಿತು. ಪೆಟ್ಟಿಗೆಯ ಕಾಲುವೆಯ ಅಗಲ ಗೊತ್ತಿದೆ, ಕೋಲಿನ ದಪ್ಪ ಗೊತ್ತಿದೆ. ಎತ್ತನ್ನು ಮತ್ತೆ ಕೋಲು ಮಾಡಿದರೆ ಉದ್ದ ತಾನೇ ಬರುತ್ತದೆ. ಹೇಳಿದ ಮೇಲೆ ತುಟಿ ಕಚ್ಚಿಕೊಂಡೆ. ಪೂಜೆಯಾದ ಎತ್ತನ್ನು ಕೈಯಾರೆ ಮುರಿಯುವವರು ಯಾರು? ಅವುಗಳನ್ನು ಮಾಳಿಗೆಯ ಮೇಲಿಟ್ಟು ಮಳೆಗೆ ಕರಗಿಸಬೇಕು, ಇಲ್ಲವೆ ಹೊಳೆಗೆ ಬಿಡಬೇಕು. ಅಷ್ಟರ ಮೇಲೆ ಆ ಮಾತು ಬಂದದ್ದು ನನ್ನಂಥವನ ಬಾಯಿಂದ.

"ಇದರಿಂದ ಮನಿ ಉಳೀತೈತೇನು?" ಎಂದು ಮಾಯವ್ವ ನನ್ನನ್ನು ಕೇಳಿದಳು. ಸಾಹೇಬರತ್ತ ನೋಡಿದೆ. ಬೇಡ ಎನ್ನಲಿಲ್ಲ.

"ಉಳೀಬಹುದ್ರಿ ಯವ್ವಾ. ಖಾತ್ರಿ ಇಲ್ರಿ."

"ಎತ್ತಂದ ಮ್ಯಾಲ ದುಡೀಬೇಕ ನೋಡಪಾ," ಎಂದವಳೇ ಕೈ ಮುಗಿದು, ಅರಿಷಿಣ ಕೆರೆದು ತೆಗೆದು, ಎರಡನ್ನೂ ಮುರಿದಳು. ನೀರು ಚಿಮುಕಿಸಿ ನಾದಿದಳು. ಕರಿಕಲ್ಲಿನ ಒಂದು ತುಂಡು ಪಕ್ಕಕ್ಕೆ ಇಟ್ಟುಕೊಂಡು ಅದೇ ದಪ್ಪಕ್ಕೆ ಹೊಸೆಯತೊಡಗಿದಳು. ಕೋಲು ಉದ್ದವಾಗುತ್ತ ಹೋಯಿತು. ಗೇಣಾಯಿತು, ಗೇಣು ದಾಟಿತು. ಗೋದಲಿಯ ಮಣ್ಣೂ ಕೂಡಿದ ಮೇಲೆ ಕಾಲುವೆಯಲ್ಲಿ ಮಲಗಿಸಿ ನಾನು ಅಳೆದೆ. ಈ ಸಲ ಅಲ್ಲೇ, ಆಗಲೇ ಬರೆದೆ. ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಸೀರೆಗೆ ಅಂಟಿದ್ದು, ಹೊಳೆಗೆ ಹೋದದ್ದು ಬೇರೆ.

ಸಾಹೇಬರು ಉಸ್ಸೆಂದು ಅಂಗಳದಲ್ಲೇ ಕೂತರು. ಎತ್ತಿನ ಲೆಕ್ಕ ಕಾಗದದಲ್ಲಿ ಬರೆಯಲು ಬರುವುದಿಲ್ಲ, ಆದರೆ ಗಟ್ಟಿ ಕಲ್ಲೆಂದೂ ಬರೆಯುವುದಿಲ್ಲ, ಮಳೆಗಾಲ ಮುಗಿದ ಮೇಲೆ ಪಕ್ಕದಲ್ಲೇ ಇನ್ನೆರಡು ಕಡೆ ಕೊರೆದು ನೋಡೋಣ ಎಂದರು. ನನ್ನ ಟ್ರಂಕು ಕಟ್ಟಿ ನಿಂತಿತ್ತು. "ಅದನ್ನ ಬಿಚ್ಚು," ಅಂದರು. "ಇನ್ನೊಂದು ಸಲ ನಾಳೆ ಅಂದ್ರೆ ನಿನ್ನನ್ನೇ ಪೆಟ್ಟಿಗೆಗೆ ಹಾಕ್ತೀನಿ." ಅಂದು ರಾತ್ರಿ ಮೇಸ್ತ್ರಿಗಿಂತ ಜೋರಾಗಿ ಗೊರಕೆ ಹೊಡೆದೆನಂತೆ.

ದೀಪಾವಳಿಯ ಮೇಲೆ ಮತ್ತೆ ಕೊರೆದೆವು. ಎರಡೂ ಕಡೆ ಕೆಂಪು ಮಣ್ಣು ಸಿಕ್ಕಿತು, ಹೊಳೆಯ ಕಡೆಗೆ ಹೋದಂತೆ ಇನ್ನೂ ದಪ್ಪ. ಒಂದೊಂದು ಕೋಲನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ, ಅಳೆದು, ಬರೆದು, ಅದರ ಪಕ್ಕದಲ್ಲೇ ನಾನೂ ಮಲಗಿದೆ. ಯುಗಾದಿಗೆ ಮುಂಚೆ ಕಾಗದ ಬಂತು: ಈ ಜಾಗ ಬೇಡ, ಸಾಮಾನು ಎತ್ತಿರಿ.

ಆಣೆಕಟ್ಟು ಮುಂದೆ ಹಿಡಕಲ್ಲಿನಲ್ಲಾಯಿತು. ಅದರ ಹಿನ್ನೀರಿನಲ್ಲಿ ಬೇರೆ ಊರುಗಳು ಹೋದವು. ಅಲ್ಲಿಯೂ ಹೊಳೆಗೆ ಹತ್ತಿರದ ಮೊದಲ ಮನೆ ಎಂಬುದೊಂದು ಇದ್ದೇ ಇತ್ತು. ಆ ವರ್ಷ ನನಗೆ ಅದು ಹೊಳೆಯಲಿಲ್ಲ. ಹೊಳೆದಿದ್ದರೂ ಸಂತೋಷ ಕಡಿಮೆಯಾಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕಾಗದ ಬಂದ ಸಂಜೆ ಮಾಯವ್ವನ ಮನೆಗೆ ಓಡಿದೆ. ಅಂಗಳದಲ್ಲಿ ನೂಲುತ್ತ ಕೂತಿದ್ದಳು.

"ಯವ್ವಾ, ಊರ ಉಳೀತ್ರಿ!"

"ಯಾರ ಹೇಳಿದ್ರು?"

"ಕಾಗದ ಬಂದೈತ್ರಿ."

"ಕಾಗದದಾಗ ಹಂಗಂತ ಬರದಾರ?"

"ಹೂಂನ್ರಿ."

ಹೌದೇ ಎನ್ನಲಿಲ್ಲ, ಕೈ ಮುಗಿಯಲಿಲ್ಲ, ಒಂದು ಹನಿ ಕಣ್ಣೀರಿಲ್ಲ. ನೂಲುತ್ತಲೇ ಇದ್ದಳು. ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಮಾತೂ ಇಲ್ಲವೇ ಎಂದು ನನಗೆ ಸಿಟ್ಟೇ ಬಂತು. ಕಾಲು ಎಳೆಯುತ್ತ ಡೇರೆಗೆ ಬಂದೆ.

ಮರುದಿನ ಮುಂಜಾನೆ ಸಾಮಾನು ಹೇರಿದ ಗಾಡಿಗಳು ಊರೊಳಗಿಂದ ಹೊರಟವು. ಓಣಿಯಲ್ಲಿ ಗಾಡಿ ಮುಂದೆ ಹೋಗಲು ಆಗಲಿಲ್ಲ. ಮನೆಮನೆಯ ಮುಂದೆ ಮಣ್ಣಿನ ಗುಡ್ಡೆ, ಗೋಡೆಗೆಲ್ಲ ನಿಚ್ಚಣಿಕೆ, ಮಾಳಿಗೆಯ ಮೇಲೆಲ್ಲ ಜನ. ಆ ಸೀಮೆಯ ಮಣ್ಣಿನ ಮಾಳಿಗೆಗೆ ವರ್ಷ ವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯಬೇಕು. ಆಣೆಕಟ್ಟಿನ ಸುದ್ದಿ ಬಂದಾಗಿನಿಂದ ಆ ಊರಲ್ಲಿ ಯಾರೂ ಒಂದು ಬುಟ್ಟಿ ಮಣ್ಣು ಹೊತ್ತಿರಲಿಲ್ಲ. ಮುಳುಗುವ ಮನೆಗೆ ಯಾರು ಹೊರುತ್ತಾರೆ? ಅಂದು ಇಡೀ ಊರು ಹೊರುತ್ತಿತ್ತು.

ಮಾಯವ್ವ ಕಚ್ಚೆ ಹಾಕಿಕೊಂಡು ತನ್ನ ಮಾಳಿಗೆಯ ಅಂಚಿನಲ್ಲಿ ನಿಂತಿದ್ದಳು. "ಹೋಗಿ ಬರ್ತೇನ್ರಿ ಯವ್ವಾ," ಎಂದು ಕೆಳಗಿನಿಂದ ಕೂಗಿದೆ.

"ಹೋಗುವಂತಿ ತಗೋ. ಆ ಬುಟ್ಟಿ ಮ್ಯಾಲ ಕೊಡು ಮದ್ಲ."

ಕೊಟ್ಟೆ. ನನ್ನ ಕೈಯಿಂದಲೇ ಇಸಿದುಕೊಂಡಳು. ಸುರಿದು ಬುಟ್ಟಿ ಕೆಳಗೆ ಎಸೆದಳು, ಇನ್ನೊಂದು ತುಂಬಿಕೊಟ್ಟೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ಸೊಂಟ ಹಿಡಿದುಕೊಂಡು, "ನನ್ನ ಕಾಲಾಗ ಏನೂ ಉಳದಿಲ್ಲೋ. ಮಕ್ಕಳು ಕುರಿ ಹಿಂದ ಹೋಗ್ಯಾವು. ಹತ್ತಿ ಬಾ, ತುಳಿ," ಎಂದಳು.

ಚಪ್ಪಲಿ ಬಿಟ್ಟು ನಿಚ್ಚಣಿಕೆ ಏರಿದೆ. ಮೇಸ್ತ್ರಿ ಗಾಡಿಯಿಂದ ಎರಡು ಸಲ ಕೂಗಿ, ಮೂರನೆಯ ಸಲ ನಗುತ್ತ ಎತ್ತು ಹೊಡೆಸಿಕೊಂಡು ಹೋದರು. ಒಳಗೆ ಒಂದು ದಿನವೂ ಕಾಲಿಡದ ಮನೆಯ ಮೇಲೆ ನಿಂತು, ಹಸಿ ಮಣ್ಣಿನಲ್ಲಿ ಹಿಮ್ಮಡಿ ಊರುತ್ತ, ಈ ಅಂಚಿನಿಂದ ಆ ಅಂಚಿಗೆ ತುಳಿಯುತ್ತ ಹೋದೆ.

"ಗಟ್ಟಿ ತುಳಿಯೋ ತಮ್ಮಾ," ಎಂದು ಮಾಯವ್ವ ಹಿಂದಿನಿಂದ ಬೈದಳು. "ಇನ್ನ ಭಾಳ ವರ್ಷ ಇರೂ ಮನಿ ಇದು."